ಉದ್ರಿ ಪುಸ್ತಕದ ಪೆನ್ನು ಯಾರ ಕೈಯಲ್ಲಿರಬೇಕು?

"ಕ್ಲಾಸ್ ಅಂದ್ರೆ ಏನಪ್ಪಾ?" ಅಂತ ಇಂಜಿನಿಯರಿಂಗ್ ಮುಗಿಸಿದ ಯಾರನ್ನಾದರೂ ಕೇಳಿ ನೋಡಿ. "ಕ್ಲಾಸ್ ಅಂದ್ರೆ ಬ್ಲೂಪ್ರಿಂಟ್, ಆಬ್ಜೆಕ್ಟ್ ಅಂದ್ರೆ ಮನೆ ಸಾರ್" ಅಂತ ಥಟ್ಟನೆ ಉತ್ತರ ಬರುತ್ತೆ. "ಸರಿ, ಅದು ಯಾಕೆ ಬೇಕು?" ಅಂದರೆ ಮಾತಿಲ್ಲ...

ಪುಣೆಗೆ ಬಂದು ನೆಲೆಸಿ 20 ವರ್ಷ ದಾಟಿತು. ಸಾಫ್ಟ್‌ವೇರ್ ಕೆಲಸಕ್ಕೆ ಇಂಟರ್‌ವ್ಯೂ ಮಾಡುವಾಗ ವಿಜಯಪುರ, ಕಲಬುರಗಿ ಕಡೆಯ ಹುಡುಗ ಹುಡುಗಿಯರೂ ಎದುರು ಕೂತಿರುತ್ತಾರೆ. ಚುರುಕಾದ ಮಕ್ಕಳು, ಡೆಫಿನಿಷನ್ ಬಾಯಿಪಾಠ. ಕೋಡ್ ಬರೆಯಿರಿ ಅಂದರೆ ಮಾತ್ರ ಎಲ್ಲ ವೇರಿಯಬಲ್ಲೂ ಪಬ್ಲಿಕ್! ಕೆಲಸ ಕೈತಪ್ಪುವುದು ಅಲ್ಲೇ. ತಪ್ಪು ಅವರದ್ದಲ್ಲ, ಕಲಿಸುವ ಕ್ರಮದ್ದು ಅನ್ನೋದು ನನ್ನ ವಾದ. ಮೊದಲು ಆಬ್ಜೆಕ್ಟ್ ತೋರಿಸಬೇಕು, ಕ್ಲಾಸ್ ಆಮೇಲೆ.

ಈ ಮಕ್ಕಳು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿಯೇ ಬೆಳೆದವರು. ಒಂದೊಂದು ಮನೆಗೆ ಒಂದೊಂದು ಪುಟ, ಅದರಲ್ಲಿ ಹೆಸರು ಮತ್ತು ಬಾಕಿ. ಆ ಪುಟವೇ ಆಬ್ಜೆಕ್ಟ್. ಪ್ರತಿ ಪುಟದಲ್ಲೂ ಹೆಸರು, ಬಾಕಿ ಇರಬೇಕು, ಉದ್ರಿ ಹೀಗೆ ಬರೆಯಬೇಕು, ಜಮಾ ಹೀಗೆ ಮಾಡಬೇಕು, 2000 ರೂಪಾಯಿ ಮೀರಿದರೆ ಉದ್ರಿ ಇಲ್ಲ... ಎಲ್ಲ ಪುಟಕ್ಕೂ ಅನ್ವಯಿಸುವ ಈ ಕಟ್ಟಳೆಯೇ ಕ್ಲಾಸ್.

ಇನ್ನೂ ನೋಡಿ. ಎರಡು ಮನೆಯವರ ಬಾಕಿ 500 ರೂಪಾಯಿಯೇ ಇದ್ದರೂ ಪುಟ ಬೇರೆ ಬೇರೆ. ಅದೇ ಒಂದು ಮನೆಯ ಗಂಡ ಬಂದು ಸಕ್ಕರೆ ಒಯ್ದರೂ, ಹೆಂಡತಿ ಬಂದು ಎಣ್ಣೆ ಒಯ್ದರೂ ಏರುವುದು ಒಂದೇ ಪುಟದ ಬಾಕಿ. ಜಾವಾದಲ್ಲಿ ಆಬ್ಜೆಕ್ಟ್ ಹಿಡಿದ ಒಂದು ವೇರಿಯಬಲ್ಲನ್ನು ಇನ್ನೊಂದಕ್ಕೆ ಅಸೈನ್ ಮಾಡಿದರೆ ಆಗುವುದೂ ಇದೇ: ಹೊಸ ಆಬ್ಜೆಕ್ಟ್ ಹುಟ್ಟುವುದಿಲ್ಲ, ಇದ್ದ ಆಬ್ಜೆಕ್ಟಿಗೇ ಎರಡನೇ ಹೆಸರು ಬರುತ್ತದೆ. ಬ್ಲೂಪ್ರಿಂಟಿನ ಕಥೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?

ಬಾಕಿಯನ್ನು ಪಬ್ಲಿಕ್ ಮಾಡುವುದೆಂದರೆ ಗಿರಾಕಿ ಕೈಗೇ ಪೆನ್ನು ಕೊಟ್ಟ ಹಾಗೆ. ಯಾರು ಯಾವಾಗ ಏನು ತಿದ್ದಿದರೋ ದೇವರೇ ಬಲ್ಲ. ಪ್ರೈವೇಟ್ ಮಾಡಿ, 'ಜಮಾ ಮಾಡು' ಎಂಬ ಮೆಥಡ್ ಮೂಲಕವೇ ಬದಲಾಗುವಂತೆ ಇಟ್ಟರೆ, ಲೆಕ್ಕ ತಪ್ಪಿದಾಗ ಹುಡುಕಬೇಕಾದ ಜಾಗ ಆ ಒಂದು ಕ್ಲಾಸ್ ಮಾತ್ರ. ಲಕ್ಷ ಸಾಲಿನ ಪ್ರೋಗ್ರಾಮ್ ಸಂಭಾಳಿಸುವವರಿಗೆ ಇದರ ಬೆಲೆ ಗೊತ್ತು.

ಈ ವಿಚಾರ ಹುಟ್ಟಿದ್ದೂ ಡೆಫಿನಿಷನ್‌ನಿಂದಲ್ಲ. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯುಗೋರ್ ನಿಜ ಜಗತ್ತಿನ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡಲು ಹೊರಟವರು. ಆ ದಾರಿಯಲ್ಲೇ ಸಿಮುಲಾ 67 ಭಾಷೆಯಲ್ಲಿ ಕ್ಲಾಸ್, ಆಬ್ಜೆಕ್ಟ್ ಎರಡೂ ಬಂದವು. 'ಆಬ್ಜೆಕ್ಟ್ ಓರಿಯೆಂಟೆಡ್' ಎಂದು ಹೆಸರಿಟ್ಟ ಅಲನ್ ಕೇ, 1998ರಲ್ಲಿ, ಆ ಹೆಸರಿನಿಂದಾಗಿ ಜನರ ಗಮನ ಚಿಕ್ಕ ವಿಚಾರದ ಕಡೆ ಹೋಯಿತು, ಆಬ್ಜೆಕ್ಟ್‌ಗಳ ನಡುವಿನ ಸಂದೇಶವೇ ದೊಡ್ಡದು ಎಂದು ಬೇಸರಪಟ್ಟಿದ್ದರು. ಅಂದರೆ ಪುಟದಲ್ಲಿ ಏನಿದೆ ಅನ್ನುವುದಕ್ಕಿಂತ, ಅಂಗಡಿಯವನಿಗೆ ಏನು ಹೇಳಿ ಕೆಲಸ ಮಾಡಿಸಿಕೊಳ್ಳುತ್ತೀರಿ ಅನ್ನುವುದು.

ಎಲ್ಲದಕ್ಕೂ ಕ್ಲಾಸ್ ಬೇಕು ಅಂತ ನಾನು ಹೇಳುತ್ತಿಲ್ಲ. ಹತ್ತು ಸಾಲಿನ ಕೆಲಸಕ್ಕೆ ಒಂದು ಫಂಕ್ಷನ್ ಸಾಕು. ಆದರೆ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮೊದಲ ದಿನ ಬೋರ್ಡಿನ ಮೇಲೆ ಡೆಫಿನಿಷನ್ ಬರೆಯಬೇಡಿ. ಎರಡು ಪುಟ ಬರೆಯಿರಿ, ಉದ್ರಿ ಏರಿಸಿ, ಜಮಾ ಮಾಡಿಸಿ. ಕನ್ನಡದಲ್ಲೇ ಮಾತಾಡಿ. ಇಂಗ್ಲಿಷ್ ಪದ ಆಮೇಲೆ ತಾನಾಗೇ ನಾಲಿಗೆಗೆ ಬರುತ್ತೆ.

ನೀವೇನಂತೀರಿ?