ತೊಟ್ಟಿಲಿನ ಯಂತ್ರಕ್ಕೆ ಯಾರು ಹೊಣೆ?

ಮಲ್ಕಾಜ್‌ಗಿರಿಯ ನಮ್ಮ ಮನೆಗಳಿಗೆ ಅಮೆರಿಕದಿಂದ ಬರುವವರು ಕೂಸಿನ ನಾಡಿ, ಆಮ್ಲಜನಕ ಅಳೆಯುವ ಕಾಲುಚೀಲ ತರುತ್ತಾರೆ. ಅದನ್ನು ನಂಬಿ ನಾವು ನಿದ್ದೆಹೋಗುತ್ತೇವೆ. 2021ರ ಅಕ್ಟೋಬರಿನಲ್ಲಿ ಅಂಥ ಕಾಲುಚೀಲದ ಔಲೆಟ್ ಕಂಪನಿಗೆ ಅಲ್ಲಿನ ಎಫ್.ಡಿ.ಎ., ವೈದ್ಯಕೀಯ ಸಾಧನಕ್ಕೆ ಬೇಕಾದ ಅನುಮತಿ ಇಲ್ಲವೆಂದು ಎಚ್ಚರಿಕೆ ಪತ್ರ ಕೊಟ್ಟಿತು. ಅಲ್ಲಿ ಮಾರಾಟ ನಿಂತಿತು. ಇಲ್ಲಿನ ಅಜ್ಜಿಗೆ ಹೇಳಿದವರು ಯಾರು?

ನಮ್ಮಲ್ಲೂ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. ಅಪಾಯಕಾರಿ ಸಾಧನವನ್ನು ಕಂಪನಿ ಹಿಂದಕ್ಕೆ ಪಡೆಯತಕ್ಕದ್ದು. ಯಾರಿಂದ ಪಡೆಯುವುದು? ಅಂಗಡಿಯವ ಬಿಲ್ಲು ಕೊಟ್ಟಿಲ್ಲ, ನಾವೂ ಕೇಳಿಲ್ಲ. ಸೂಟ್‌ಕೇಸಿನಲ್ಲಿ ಬಂದದ್ದಕ್ಕಂತೂ ಆಮದುದಾರನೇ ಇಲ್ಲ! ‘ಸೂಚನೆ ಹೊರಡಿಸಲಾಗಿದೆ’ ಎಂದು ಬರೆದರೆ ಕಡತ ಮುಚ್ಚುತ್ತದೆ. ಗುಮಾಸ್ತನಾದ ನಾನು ಬಲ್ಲೆ. ಮಾರುವಾಗ ಮನೆಬಾಗಿಲಿಗೆ ಬರುವ ಕಂಪನಿ ಹಿಂದಕ್ಕೆ ಪಡೆಯುವಾಗಲೂ ಬರಲಿ. ಔಷಧದಂಗಡಿಯ ಗೋಡೆಗೆ ತೆಲುಗಿನಲ್ಲಾದರೂ ಚೀಟಿ ಅಂಟಿಸಲಿ, ಯಂತ್ರದ ಸಂಖ್ಯೆ ಸಮೇತ. ಕನ್ನಡದ ಚೀಟಿ ನಮ್ಮ ಸಂಘದ ಫಲಕದಲ್ಲಿರಲಿ.