ಬಾಗಿಲಿಗೆ ತೂಗುವ ಗೂಟ

ಬಾಗಿಲ ನೆತ್ತಿಗೆ ಸಿಕ್ಕಿಸಿ ಅಂಗಿ, ಕೋಟು ತೂಗುಹಾಕುವ ಕಬ್ಬಿಣದ ಕೊಕ್ಕೆಪಟ್ಟಿಯೊಂದನ್ನು ಅಣ್ಣನು ಪೇಟೆಯಿಂದ ತಂದನು. ಮೊಳೆ ಬೇಡ, ಬಡಿಗ ಬೇಡ. ಬಿಜಾಗರಿಯ ಒಂಟಿಕದವಿದ್ದು, ಗೋಡೆಗೆ ಮೊಳೆ ಹೊಡೆಯಗೊಡದ ಮಾಲಕರ ಬಾಡಿಗೆಯ ಕೋಣೆಯಲ್ಲಿ ಅದು ವರವೇ ಸರಿ.

ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಹಳೆಯ ಮಾಳಿಗೆಮನೆಗಳ ಬಾಗಿಲು ಬೇರೆ ಜಾತಿಯದು. ತಿರುಗಣಿಯ ಮೇಲೆ ನಿಂತ ಎರಡು ಕದಗಳು ಚೌಕಟ್ಟಿಗೆ ಒತ್ತಿ ಕೂಡುತ್ತವೆ. ನಡುವೆ ಪಟ್ಟಿ ಬಂದರೆ ಕದ ಮುಚ್ಚದು, ಚಿಲಕ ಬೀಳದು. ನಮ್ಮಲ್ಲಿ ಮುಚ್ಚಿಕೊಳ್ಳುವ ಕೋಣೆ ಒಂದೇ. ಅವ್ವ ಸೀರೆ ಬದಲಿಸುವುದೂ ತಂಗಿ ಪರೀಕ್ಷೆಗೆ ಓದುವುದೂ ಅಲ್ಲಿಯೇ. ಗಂಡಸರ ಅಂಗಿಗಾಗಿ ಅವರ ಚಿಲಕವನ್ನು ಕಸಿಯುವುದು ಎಂತಹ ಅನುಕೂಲ?

ನಮ್ಮ ಹಿರಿಯರು ಗೋಡೆ ಕಟ್ಟುವಾಗಲೇ ಮರದ ಗೂಟ ಇಡುತ್ತಿದ್ದರು. ಉಳ್ಳವರಲ್ಲಿ ಕೆತ್ತನೆಯ ಗಿಳಿಗೂಟ, ಇಲ್ಲದವರಲ್ಲಿ ಜಾಲಿಯ ತುಂಡು. ಎರಡೂ ತೊಯ್ದ ಕಂಬಳಿಯ ಭಾರವನ್ನು ತಾಳುತ್ತಿದ್ದವು. ಸಿಮೆಂಟಿನ ಮನೆ ಕಟ್ಟಿಸುವಾಗ ನಾವು ಮೊದಲು ಮರೆಯುವುದು ಅದನ್ನೇ. ಟಿವಿಗೆ ಸ್ಥಳ ಗುರುತಿಸುತ್ತೇವೆ, ಅಪ್ಪನ ರುಮಾಲಿಗೆ ಇಲ್ಲ! ಗೋಡೆ ಏಳುವಾಗ ಪ್ರತಿ ಕೋಣೆಗೆ ನಾಲ್ಕು ಗೂಟ ಇಡಿಸಬೇಕೆಂಬುದು ನನ್ನ ಮತ, ಖರ್ಚು ಅತ್ಯಲ್ಪ.

ಅಣ್ಣನ ಕೊಕ್ಕೆಪಟ್ಟಿ ಈಗ ಎಂದೂ ಮುಚ್ಚದ ಕೊಟ್ಟಿಗೆಯ ಕದದ ಮೇಲಿದೆ. ಎತ್ತುಗಳ ಹಗ್ಗ, ಬಾರುಕೋಲು ಅಲ್ಲಿ ತೂಗುತ್ತವೆ.