ಸಾರಥಿಯ ಬೆಲೆ

ವೃತ್ತಿಪರ ಬ್ಯಾಸ್ಕೆಟ್‌ಬಾಲಿನಲ್ಲಿ ‘ಪಾಯಿಂಟ್ ಗಾರ್ಡ್’ ಎಂಬುವನ ಸ್ಥಾನವು ನಿಜವಾಗಿಯೂ ಅಷ್ಟು ಮುಖ್ಯವೇ ಎಂದು ನಮ್ಮ ಶ್ರೀರಾಂಪುರದ ತರುಣರು ವಾದಿಸುವುದುಂಟು. ಮುಖ್ಯವೆಂದೇ ನಮ್ಮ ಅಭಿಪ್ರಾಯ. ಆದರೆ ಅದಕ್ಕೊಂದು ಮಿತಿಯುಂಟು.

ಐವರ ತಂಡದಲ್ಲಿ ಚೆಂಡನ್ನು ಪುಟಿಸುತ್ತ ಮುಂದಕ್ಕೆ ತರುವವನು ಇವನು. ಈಗಿನ ನಿಯಮದಂತೆ 8 ಸೆಕೆಂಡುಗಳಲ್ಲಿ ಅಂಗಣದ ಅರ್ಧವನ್ನು ದಾಟಬೇಕು. 24 ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಬೇಕು. ಅಷ್ಟರಲ್ಲಿ ಯಾರಿಗೆ, ಯಾವ ಕ್ಷಣದಲ್ಲಿ ಚೆಂಡು ಸಲ್ಲಬೇಕೆಂದು ನಿರ್ಣಯಿಸುವವನೂ ಇವನೇ. ಭಾರತಯುದ್ಧದಲ್ಲಿ ಆಯುಧವನ್ನು ಹಿಡಿಯದ ಸಾರಥಿಯ ಮಹಿಮೆಯನ್ನು ವಾಚಕರಿಗೆ ನಾವು ಹೇಳಬೇಕಾದುದಿಲ್ಲ.

ಅಮೆರಿಕೆಯ ಜಾನ್ ಸ್ಟಾಕ್ಟನ್ನನು 1984ರಿಂದ 2003ರವರೆಗೆ ಒಂದೇ ತಂಡದಲ್ಲಿ ಆಡಿ, ಜೊತೆಯವರು ಅಂಕ ಗಳಿಸುವಂತೆ 15,806 ಸಲ ಚೆಂಡನ್ನು ಒದಗಿಸಿದನು. ಈ ಸಂಖ್ಯೆಯನ್ನು ಅಲ್ಲಿನ ವೃತ್ತಿಪರರಲ್ಲಿ ಇದುವರೆಗೆ ಯಾರೂ ಮುಟ್ಟಿಲ್ಲ. ಆದರೂ ಆ ತಂಡವು 1997 ಮತ್ತು 1998ರಲ್ಲಿ ಅಂತಿಮ ಸುತ್ತಿಗೆ ಬಂದು, ಎರಡು ಸಲವೂ ಷಿಕಾಗೋ ತಂಡಕ್ಕೆ ಸೋತಿತು. ಸಾರಥಿಯು ಎಷ್ಟು ನಿಪುಣನಾದರೂ ರಥಿಕರಿಲ್ಲದೆ ಜಯವಿಲ್ಲ.

ಹಾಗೆಂದು ಸಾರಥ್ಯವು ಅಲ್ಪವಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್ಪಿನ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ನಮ್ಮ ಮಹಿಳೆಯರು ಕಜಾಖಸ್ತಾನವನ್ನು 75–73ರಿಂದ ಗೆದ್ದರು. ಅಂತರವು ಒಂದೇ ಬುಟ್ಟಿ! ಅಂತಹ ಆಟದಲ್ಲಿ ಸಕಾಲಕ್ಕೆ ಕೈ ಸೇರಿದ ಒಂದು ಚೆಂಡಿನ ಬೆಲೆಯನ್ನು ಎಣಿಸುವವರಾರು?

ಆಡಿ ಬಂದ ಮಕ್ಕಳನ್ನು ‘ಎಷ್ಟು ಅಂಕ ಗಳಿಸಿದೆ?’ ಎಂದಷ್ಟೇ ಗೃಹಸ್ಥರು ಕೇಳುತ್ತಾರೆ. ‘ಯಾರಿಗೆ ಒದಗಿಸಿಕೊಟ್ಟೆ?’ ಎಂದೂ ಕೇಳಿದರೆ, ಮಗುವು ಆಟಕ್ಕೂ ಸಂಸಾರಕ್ಕೂ ಬೇಕಾದ ವಿದ್ಯೆಯನ್ನು ಕಲಿಯುವುದು.